ತೊಂಬತ್ತು ಸೀಟು ಬೇಡವೆಂದ ಮಾರ್ಲಿಸ್

ನಮ್ಮ ವಿಮಾನವನ್ನು ಕಟ್ಟಿದ್ದು ಎಪ್ಪತ್ತು ಜನರಿಗೆ. ಅದರಿಂದ ಇಪ್ಪತ್ತು ಸೀಟು ಕಿತ್ತು, ಆ ಜಾಗದಲ್ಲಿ ಸಾಮಾನಿಡುವ ಕಪಾಟು ಕೂರಿಸಿದ್ದರು. ದೊಡ್ಡ ಕಂಪನಿಯ ಬಣ್ಣ ಬಳಿದುಕೊಂಡು ಅವರ ಪ್ರಯಾಣಿಕರನ್ನು ಒಯ್ಯುವ ನಮ್ಮಂಥ ಚಿಕ್ಕ ಕಂಪನಿಯ ವಿಮಾನದಲ್ಲಿ ಐವತ್ತಕ್ಕಿಂತ ಹೆಚ್ಚು ಸೀಟು ಇರಕೂಡದೆಂದು ಆ ದೊಡ್ಡ ಕಂಪನಿಯ ಪೈಲಟ್ ಸಂಘ ತನ್ನ ಆಡಳಿತದ ಜೊತೆ ಒಪ್ಪಂದ ಮಾಡಿಕೊಂಡಿತ್ತು.

ಆ ಮಿತಿಯನ್ನು ತೊಂಬತ್ತಕ್ಕೆ ಏರಿಸುವ ಮಾತು ಎದ್ದಾಗ ಆ ಸಂಘದ ಮುಖಂಡ ಹ್ಯಾಚರ್ ನಮ್ಮ ಅಭಿಪ್ರಾಯ ಕೇಳಲು ನಾವಿದ್ದ ಡುಲೂತ್ ಊರಿಗೆ ಬಂದರು. ಚರ್ಚಿನ ನೆಲಮಾಳಿಗೆಯಲ್ಲಿ ಸಭೆ, ಜೊತೆಗೆ ಕಾಡಕ್ಕಿ ಸೂಪು. ಎಲ್ಲರ ಕಣ್ಣೂ ಕ್ಯಾಪ್ಟನ್ ಮಾರ್ಲಿಸ್ ಟ್ವೇಟ್ ಅವರ ಮೇಲೆ. ನಮ್ಮಲ್ಲಿ ಅವರೇ ಹಿರಿಯರು, ನಿವೃತ್ತಿ ಹತ್ತಿರವಿತ್ತು. ದೊಡ್ಡ ವಿಮಾನ ಬಂದರೆ ಹಿರಿತನದ ಮೇಲೆ ಮೊದಲು ಸಿಗುವುದು ಅವರಿಗೇ. ಸಹಪೈಲಟ್ ಆಗಿ ಅವರ ಪಕ್ಕದಲ್ಲಿ ಕೂರುತ್ತಿದ್ದ ನನಗೆ, ಅಂಥದ್ದನ್ನು ಹಾರಿಸುವ ಅವರ ಆಸೆ ಎಷ್ಟು ಹಳೆಯದೆಂದು ಗೊತ್ತಿತ್ತು.

"ಬೇಗ ಹೂಂ ಅಂದ್ಬಿಡಿ ಕ್ಯಾಪ್ಟನ್, ಸೂಪು ಆರೋಗ್ತಿದೆ," ಎಂದ ಗೇಲನ್. ಅವನೂ ನನ್ನ ಹಾಗೆ ಸಹಪೈಲಟ್.

ಮಾರ್ಲಿಸ್ ಎದ್ದರು. "ಏರಿಸ್ಬೇಡಿ."

ಹ್ಯಾಚರ್ ಚಮಚ ಕೆಳಗಿಟ್ಟು ಅವರತ್ತ ತಿರುಗಿದರು.

"ತೊಂಬತ್ತು ಸೀಟಿನ ವಿಮಾನಗಳನ್ನ ಈಗ ನಿಮ್ಮೋರು ಹಾರಿಸ್ತಾರೆ, ಹ್ಯಾಚರ್. ನಿಮ್ಮ ಕಂಪನಿಯವರು ಅದನ್ನ ನಮಗ್ಯಾಕೆ ಕೊಡ್ತಾರೆ? ಭಾರಿ ಚೆನ್ನಾಗಿ ಹಾರಿಸ್ತೀವಿ ಅಂತಾನಾ? ಅಗ್ಗಕ್ಕೆ ಸಿಗ್ತೀವಿ ಅಂತ. ನಿಮ್ಮ ಕಂಪನೀಲಿ ಕೆಲಸ ಕಮ್ಮಿ ಆದ್ರೆ ಈ ಹುಡುಗರು ಅಲ್ಲಿಗೆ ಹೋಗೋದು ಹೆಂಗೆ? ಇದೇ ಸಂಬಳಕ್ಕೆ ಇಲ್ಲೇ ಮುದುಕರಾಗ್ತಾರೆ. ನನ್ನ ಹಂಗೆ."

"ನಿಮಗೇನು ಬಿಡಿ, ಮನೆಗೆ ಹೋಗೋರು!" ಗೇಲನ್ ರೇಗಿದ.

"ಅಯ್ಯೋ ಪೆದ್ದೇ, ಹೋಗೋ ಮುಂಚೆ ಅದನ್ನ ಒಂದ್ಸಲ ಹಾರಿಸ್ಬೇಕು ಅಂತ ನಿನಗಿಂತ ನನಗೇ ಜಾಸ್ತಿ ಆಸೆ ಕಣೋ."

ಹ್ಯಾಚರ್ ಮೆಲ್ಲಗೆ ಕೇಳಿದರು: "ಇದನ್ನ ನಮ್ಮ ಸಂಘದಲ್ಲಿ ನಿಮ್ಮ ಹೆಸರು ಹಾಕಿ ಹೇಳ್ಲಾ? ನಿಮ್ಮ ಕಂಪನಿಯವರಿಗೆ ಹಿಡಿಸಲ್ಲ."

"ಹೆಸರಿಲ್ದೆ ಹೇಳಿದ್ರೆ ಯಾರು ನಂಬ್ತಾರೆ? ಹೇಳಿ."

ಮಿತಿ ಏರಲಿಲ್ಲ. ಅವರ ಮಾತಿನಿಂದಲೇ ಎನ್ನಲು ನನಗೆ ಧೈರ್ಯವಿಲ್ಲ. ಬೇರೆ ಕಾರಣಗಳೂ ಇದ್ದಿರಬೇಕು. ಮುಂದಿನ ವರ್ಷ ಗೇಲನ್‌ಗೆ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮಾರ್ಲಿಸ್ ಮಾತ್ರ ಕೊನೆಯವರೆಗೂ ಐವತ್ತು ಸೀಟಿನ ವಿಮಾನವನ್ನೇ ಹಾರಿಸಿದರು.

ಅವರ ಕಡೆಯ ಹಾರಾಟದ ದಿನ ಮಿನಿಯಾಪೊಲಿಸ್‌ನಲ್ಲಿ, ರನ್‌ವೇಗೆ ಹೋಗುವ ಸಾಲಿನಲ್ಲಿ ನಮ್ಮ ಮುಂದಿದ್ದ ಭಾರಿ ಜೆಟ್ಟು ಪಕ್ಕಕ್ಕೆ ಸರಿದು ನಿಂತಿತು. ರೇಡಿಯೋದಲ್ಲಿ ಗೇಲನ್‌ನ ದನಿ: "ಟವರ್‌ನವರನ್ನ ಕೇಳಿದ್ದೀನಿ. ಕ್ಯಾಪ್ಟನ್ ಟ್ವೇಟ್, ಮೊದಲು ನೀವು."

ಮಾರ್ಲಿಸ್ ಮೈಕಿನ ಗುಂಡಿ ಒತ್ತಿದರು.

"ಬರ್ತೀನಪ್ಪ," ಎಂದು ಬ್ರೇಕ್ ಬಿಟ್ಟರು.