ಸ್ವಿಚ್ಚಿನ ಮಡಿ

ತಣ್ಣೀರಿನ ಬಟ್ಟೆ ಹಿಂಡಿ ಮಾಲವಿಕಾ ಅಜ್ಜಿಯ ತೊಡೆಸಂದು ಒರೆಸುತ್ತಿದ್ದಾಳೆ, ವಾಸನೆ ನೇರ ಗಂಟಲಿಗೇ ಇಳಿಯುತ್ತದೆ, ಉಗುಳು ನುಂಗಿದರೆ ಅದನ್ನೂ ನುಂಗಿದ ಹಾಗೆ, ಚಳಿಗೆ ಅಜ್ಜಿಯ ಕಾಲ್ಬೆರಳುಗಳು ಕೊಕ್ಕೆಯಾಗುತ್ತವೆ — ಬಿಸಿನೀರು ಕಣೇ, ಅಷ್ಟು ಮಾತು ಇನ್ನೂ ಉಳಿದಿದೆ — ಗ್ಯಾಸ್ ನಿನ್ನೆಯೇ ಮುಗಿದಿದೆ, ಬಕೆಟ್ಟಿಗೆ ನೀರು ಕಾಯಿಸುವ ಕಾಯಿಲ್ ಇಳಿಬಿಡೋಣವೆಂದರೆ ಸುಂದರೇಶ ಮಾವ ಕೆಳಮನೆಯ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡು ಮಹಡಿ ಹತ್ತಿದ್ದಾರೆ, ತಾರಸಿಯಲ್ಲಿ ಆಕಾಶಕ್ಕೆ ಬಾಯ್ತೆರೆದ ಅವರ ಡಿಶ್ಶು, ನಕ್ಷತ್ರಗಳಿಂದಲೂ ಆಚೆಯಿಂದ ಒಂದು ರೇಡಿಯೊ ಸಿಡಿತ ಬರುತ್ತದಂತೆ, ರೆಪ್ಪೆ ಬಡಿಯುವುದರೊಳಗೆ ಬಂದು ಹೋಗುತ್ತದಂತೆ, ಹೊರದೇಶದವರಿಗೆ ಅಂಥದ್ದೊಂದು ಸಿಕ್ಕಿತೆಂದು ಹೋದ ವರ್ಷ ಓದಿದಾಗಿನಿಂದ ಈ ಹುಚ್ಚು, ಕೆಳಗೆ ಸ್ವಿಚ್ಚು ಕಿಡಿಯಾಡಿದರೂ ಯಂತ್ರದಲ್ಲಿ ಸುಳ್ಳು ಗೆರೆ ಏಳುತ್ತದೆ, ಇದೂ ಮಡಿ ಕಣಮ್ಮ, ನಿಮ್ಮಜ್ಜಿ ಮಾಡ್ತಿದ್ಲಲ್ಲ, ಅದರ ತಮ್ಮ, ಎಂದು ನಗುತ್ತಾರೆ — ಹೌದು, ಮಾಡುತ್ತಿದ್ದಳು, ಒದ್ದೆಸೀರೆಯಲ್ಲಿ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, ದೂರ ನಿಲ್ಲೇ ಮುಂಡೇದೇ, ಮೈಲಿಗೆ, ರಜೆಗೆ ಬಂದಿದ್ದ ಜ್ವರದ ಹುಡುಗಿ ಇವಳು ಹೊಸಿಲಾಚೆ ಲೋಟ ಹಿಡಿದೇ ನಿಂತಿದ್ದಳು, ಈಗ ಅಜ್ಜಿಯ ಅದೇ ಕೈ ಹೇಲು ಮೆತ್ತಿಕೊಂಡು ಇವಳ ವೇಲು ಹಿಡಿದು ಎಳೆಯುತ್ತದೆ, ಥೂ, ಯಾರಿಗೆ ಅಂದಳೋ ಇವಳಿಗೇ ತಿಳಿಯದು, ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿ ಮಾವ ಇವಳನ್ನು ಒಂಟಿಕೊಪ್ಪಲಿನ ಈ ಮನೆಗೆ ಕರೆತಂದದ್ದು ಇದಕ್ಕೇ, ಮಗ್ಗುಲಾಗಿಸಿದರೆ ಬೆನ್ನಿನ ಹುಣ್ಣಿಗೆ ಹಾಸಿಗೆ ಬಟ್ಟೆ ಅಂಟಿಕೊಂಡಿದೆ, ಬಿಸಿನೀರಿನಲ್ಲಿ ನೆನೆಸದೆ ಎಳೆದರೆ ಚರ್ಮವೂ ಬರುತ್ತದೆ, ಮೊನ್ನೆ ಬಂದದ್ದನ್ನು ನೋಡಿದ್ದಾಳೆ, ಆ ದಿನವೇ ಮಾವನ ಗೆಳೆಯ ಪ್ರಭುಸ್ವಾಮಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲು ಹತ್ತಿದರು, ಏನ್ರೀ ಸುಂದರೇಶ್, ಆಕಾಶದ್ದು ಆಮೇಲೆ ಹಿಡಿಯೋರಂತೆ, ಕೆಳಗಿಂದ ಬರ್ತಿರೋದನ್ನ ಮೊದಲು ನೋಡ್ರೀ, ಅಯ್ಯೋ ಅದು ದಿನಾ ಇರೋದೇ ಕಣ್ರೀ, ಇದು ಒಂದೇ ಸಲ ಬರೋದು, ಇಬ್ಬರೂ ನಕ್ಕರು, ಆ ನಗುವಿನಲ್ಲೇ ಕೆಳಗಿಳಿದು ಬಂದ ಇಬ್ಬರಿಗೂ ಇವಳು ಕಾಫಿ ಕೊಟ್ಟಳು, ಈ ಕೈಯಿಂದಲೇ, ಸೋಪು ಹಾಕಿ ಎಷ್ಟು ತೊಳೆದರೂ ಉಗುರಸಂದಿಯಲ್ಲಿ ವಾಸನೆ ಉಳಿಯುವ ಈ ಕೈಯಿಂದ, ಅವರು ಚಪ್ಪರಿಸಿ ಕುಡಿದರು — ಬಿಸಿನೀರು ಕಣೇ — ಅಜ್ಜಿಯ ತುಟಿ ನೀಲಿಯಾಗಿದೆ, ಕಾಲ್ಬೆರಳು ಕೊಕ್ಕೆ, ಇವಳು ಎದ್ದುಬಿಡುತ್ತಾಳೆ, ಒಮ್ಮೆಯೂ ಹತ್ತದ ಮೆಟ್ಟಿಲು, ಒಮ್ಮೆಯೂ ತಟ್ಟದ ಬಾಗಿಲು, ತಟ್ಟುತ್ತಾಳೆ, ಒಳಗೆ ಯಂತ್ರದ ಬುಸ್ ಬುಸ್, ಕುರ್ಚಿ ಕಿರುಗುಟ್ಟುತ್ತಿದ್ದದ್ದು ನಿಂತಿತು, ಮಾವನಿಗೆ ಕೇಳಿಸಿದೆ, ಖಂಡಿತ ಕೇಳಿಸಿದೆ, ಕಣ್ಣ ಮುಂದೆ ಕೊಕ್ಕೆ, ನೀಲಿ ಕೊಕ್ಕೆ, ಹತ್ತು ಕೊಕ್ಕೆ —

ಮಾವ, ಫ್ಯೂಸ್ ಕೊಡಿ. ಅಜ್ಜಿಗೆ ನೀರು ಕಾಯಿಸ್ಬೇಕು.