ಮೂರನೆಯ ನೆರಳು

ಹಾಲಸ್ವಾಮಿ ಚಿತ್ರದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವರ ನಡುಮನೆಯ ಗೋಡೆಯಲ್ಲಿ ದೇವರ ಪಟಗಳಿಗಿಂತ ಬಂಡೆ, ಮರ, ಮೋಡಗಳ ಕಪ್ಪುಬಿಳುಪು ಪಟಗಳೇ ಹೆಚ್ಚು. ಎಲ್ಲವೂ ಸ್ಟುಡಿಯೋ ಜಂಪಣ್ಣ ತೆಗೆದವು. ಮನುಷ್ಯರು ಮಾತ್ರ ಬೇಡವೆಂದು ಮೇಷ್ಟ್ರ ಕಟ್ಟಪ್ಪಣೆ.

೧೯೭೪ರ ಬೇಸಿಗೆಯಲ್ಲಿ ಕೊಂಡ ಜೋಗಿಮಟ್ಟಿಯ ಪಟವೊಂದು ಅವರನ್ನು ಕಾಡುತ್ತಿತ್ತು. ಬೋಳು ಗುಡ್ಡ, ಒಂಟಿ ಕಮರದ ಮರ, ಮೂರಡಿಯ ಗಡಿಕಲ್ಲು. ಮರಕ್ಕೊಂದು ನೆರಳು, ಕಲ್ಲಿಗೊಂದು ನೆರಳು. ನಡುವೆ ಮೂರನೆಯದೊಂದು, ಕೋಲು ಊರಿ ನಿಂತಂತೆ. ಆ ನೆರಳಿಗೆ ಒಡೆಯನೇ ಇರಲಿಲ್ಲ. ಬೆಳಕು ಸುಳ್ಳಾಡದು ಎಂದು ಪಾಠ ಹೇಳುವ ಮೇಷ್ಟ್ರು ಊಟಕ್ಕೆ ಕೂತಾಗ ಆ ಪಟಕ್ಕೆ ಬೆನ್ನು ಮಾಡತೊಡಗಿದರು.

ಪಿತೃಪಕ್ಷದ ಒಂದು ಬೆಳಿಗ್ಗೆ ಕುರಿ ಕಾಯುವ ಕೆಂಚಕ್ಕ ಬಾಗಿಲಲ್ಲಿ ನಿಂತಳು.

"ನಮ್ಮ ಯಜಮಾನ್ರ ಪಟ ನಿಮ್ಮನ್ಯಾಗೆ ಐತಂತೆ ಮೇಷ್ಟ್ರೇ. ಕಮರದ ತಾವ ನಿಂತಿದ್ದಾಗ ಜಂಪಣ್ಣ ಹೊಡ್ಕಂಡ್ರಂತೆ. 'ದೊಡ್ಡೋರ ಗೋಡೆ ಏರ್ತೀನಿ ಕಣೇ' ಅಂತ ನಗಾಡಿದ್ರು. ಆಷಾಢದಾಗೆ ಹಾವು ಮುಟ್ತು. ಎಡೆ ಇಕ್ಕಾಕೆ ಮುಖ ಬೇಕಲ್ಲ. ಅಮಾಸೆ ಕಳೀಲಿ, ತಂದ್ಕೊಡ್ತೀನಿ."

ಮೇಷ್ಟ್ರು ಪಟ ಇಳಿಸಿಕೊಟ್ಟರು. ಅವಳು ಬಹಳ ಹೊತ್ತು ಹುಡುಕಿದಳು. ಕೊನೆಗೆ ಗಾಜಿನ ಮೇಲೆ ಬೆರಳಿಟ್ಟಳು. "ಇದು ಇವ್ರ ಕೋಲು. ಇವ್ರೆಲ್ಲಿ?"

ಅವಳನ್ನು ಜಗಲಿಯಲ್ಲಿ ಕೂರಿಸಿ ಮೇಷ್ಟ್ರು ಸ್ಟುಡಿಯೋಕ್ಕೆ ಓಡಿದರು.

"ನೀವೇ ಮನುಷ್ಯರು ಬ್ಯಾಡ ಅಂದ್ರಲ್ಲ ಸಾರ್" ಎಂದ ಜಂಪಣ್ಣ. "ನೆಗೆಟಿವ್‌ನಾಗೇ ಆ ಮನುಷ್ಯನ್ನ ಕೆರೆದು ಬಣ್ಣ ತುಂಬ್ದೆ. ನೆಳ್ಳು ಯಾರು ನೋಡ್ತಾರೆ ಅಂತ ಬಿಟ್ಟೆ. ಅವನ ಪಟ ಅಂತ ತೆಗೆದಿದ್ದು ಅದೊಂದೇ."

ಮರಳಿ ಬಂದವರು ಅಡಿಕೋಲು ತಂದರು. ಕಲ್ಲಿನ ನೆರಳು ಅಳೆದರು, ಮನುಷ್ಯನ ನೆರಳು ಅಳೆದರು, ಕಾಗದದಲ್ಲಿ ಭಾಗಿಸಿದರು.

"ಐದಡಿ ಎಂಟಂಗುಲ ಇದ್ರೇನಮ್ಮ?"

"ಹೂಂ. ನಮ್ಮ ಬಾಗಿಲಾಗೆ ತಲೆ ಬಗ್ಗಿಸ್ತಿದ್ರು." ಕೆಂಚಕ್ಕನ ಮುಖ ಅರಳಿತು. ಹತ್ತಿರ ಸರಿದು ಕೂತಳು. "ಈಗ ಮುಖ ತೆಗೀರಿ ಮೇಷ್ಟ್ರೇ."

ಅಡಿಕೋಲು ಅವರ ಕೈಯಲ್ಲೇ ಉಳಿಯಿತು. "ಅದು ಆಗಲ್ಲಮ್ಮ. ಪಟದಲ್ಲಿ ಮನುಷ್ಯರು ಬೇಡಾಂದೋನು ನಾನೇ."

ಅವಳು ಬೈಯಲಿಲ್ಲ. ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಅಮಾವಾಸ್ಯೆಯ ಮರುದಿನ ಪಟ ಜಗಲಿಯ ಮೇಲಿತ್ತು. ಗಾಜಿಗೆ ಒಂದು ಬೊಟ್ಟು ಕುಂಕುಮ. ನೆರಳಿನ ಮೇಲಲ್ಲ, ಅದರ ಪಾದದಿಂದ ನೇರ ಮೇಲಕ್ಕೆ, ಏನೂ ಇಲ್ಲದ ಬಯಲಲ್ಲಿ. ಮೇಷ್ಟ್ರು ಒರೆಸಲು ಬಟ್ಟೆ ತಂದರು. ಏನೋ ತೋಚಿ ಅಡಿಕೋಲು ಇಟ್ಟರು.

ಕಲ್ಲಿನ ಲೆಕ್ಕದಲ್ಲಿ ಐದಡಿ ಐದಂಗುಲ. ಹಣೆ ಇರಬೇಕಾದ ಎತ್ತರ.