ಹದಿನೇಳನೆಯ ಕಥೆಯ ತೂಕ

ದೇವರು ಲೋಕವನ್ನು ಮಾಡಿ ಮುಗಿಸಿದ ದಿನ ಒಂದೊಂದು ವಸ್ತುವಿನ ಮುಂದೆಯೂ ನಿಂತು, "ಇದ್ದೀಯಾ? ಎಷ್ಟು ತೂಗುತ್ತೀಯಾ? ನಿನ್ನನ್ನು ಕೊನೆಯ ಸಲ ಮುಟ್ಟಿದ್ದು ಯಾವಾಗ?" ಎಂದು ವಿಚಾರಿಸಿಕೊಂಡನಂತೆ. ಬೆಟ್ಟ ತನ್ನ ತೂಕ ಹೇಳಿತು, ಇರುವೆಯೂ ಹೇಳಿತು. ಗಾಳಿ ಮಾತ್ರ "ಸೊನ್ನೆ" ಎಂದಿತು. ದೇವರು ಅದನ್ನು ಗದರಲಿಲ್ಲ, ಇಲ್ಲವೆಂದೂ ಬರೆದುಕೊಳ್ಳಲಿಲ್ಲ. ನಕ್ಕು ಮುಂದಕ್ಕೆ ಹೋದ.

ಇದು ಅಜ್ಜಿ ಹೇಳಿದ ನಲವತ್ತೊಂದು ಕಥೆಗಳಲ್ಲಿ ಮೊದಲನೆಯದು. ಅದರ ಕರಡನ್ನು ಮೂರು ಸಲ ತಿದ್ದಿದವನು ಅವಳ ಕಿರಿಯ ಮೊಮ್ಮಗ. ಆದರೂ ಆ ಶುಕ್ರವಾರ ಮಧ್ಯಾಹ್ನ ಅದು ಅವನ ನೆನಪಿಗೆ ಬರಲಿಲ್ಲ. ಓದಿದ್ದೆಲ್ಲ ಬೇಕಾದ ಹೊತ್ತಿಗೆ ಒದಗುವುದಾದರೆ ನಾವು ಇನ್ನೊಬ್ಬರ ಮುಖ ನೋಡಬೇಕಾಗಿಯೇ ಇರಲಿಲ್ಲವಲ್ಲ.

ಅವರದು ಕೆಳಗೆ ಮುದ್ರಣಾಲಯ, ಮೇಲೆ ಮನೆ. ಹಿರಿಯ ಮೊಮ್ಮಗ ಮುದ್ರಕ. ಅವನ ಹೆಂಡತಿ ಅಜ್ಜಿಯ ಕಾಲ ಬಳಿ ಕೂತು ಕಥೆಗಳನ್ನೆಲ್ಲ ಕೇಳಿ ಟೈಪ್ ಮಾಡಿದವಳು. ಕಿರಿಯವನು ಅವಳನ್ನು ಅತ್ತಿಗೆ ಎಂದು ಕರೆಯುತ್ತಿದ್ದ. ಬೆನ್ನ ಹಿಂದೆ ಗಂಟಮ್ಮ ಎನ್ನುತ್ತಿದ್ದ. ಆ ಹೆಸರಿಗೆ ಕಾರಣವಿತ್ತು. ಉಪ್ಪನ್ನು ಅವಳು ಪೊಟ್ಟಣದಲ್ಲಿ ಕಟ್ಟಿ, ಪೊಟ್ಟಣವನ್ನು ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಇನ್ನೊಂದು ಡಬ್ಬಿಯಲ್ಲಿಟ್ಟು ಮೇಲೆ ಬಟ್ಟೆ ಬಿಗಿಯುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನಲು ಆ ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಅದು ಬಂದು ಸೇರುವಷ್ಟರಲ್ಲಿ ಊಟವೇ ಮುಗಿದಿರುತ್ತಿತ್ತು.

ಅಜ್ಜಿಗೂ ಒಂದು ನೇಮವಿತ್ತು. ಮೊದಮೊದಲು ಅವಳು ಒಂದೇ ಕಥೆಯನ್ನು ನಾಲ್ಕು ಸಲ ಹೇಳಿ ನಾಲ್ಕು ಕೊನೆ ಕೊಡುತ್ತಿದ್ದಳು. ಬೆಳಿಗ್ಗೆ ಸತ್ತ ರಾಜ ಮಧ್ಯಾಹ್ನ ಎದ್ದು ಕೂರುತ್ತಿದ್ದ. ಹೀಗೆ ಎಂಟನೆಯ ಸಲ ಅಳಿಸಿ ಬರೆಯಬೇಕಾಗಿ ಬಂದಾಗ ಅತ್ತಿಗೆ ಕೀಲಿಮಣೆಯ ಮೇಲೆ ತಲೆಯಿಟ್ಟು ಅತ್ತಳು. ಅಜ್ಜಿ ಎದ್ದು ಅವಳ ತಲೆ ಸವರಿದಳು. ದೇವರ ದೀಪದ ಮುಂದೆ ಕೈಮುಗಿದು, "ಬರೆಸಿ ಆದ ಕಥೆ ಇನ್ನು ನನ್ನ ಬಾಯಲ್ಲಿ ಬರೋದಿಲ್ಲ, ಸ್ವಾಮಿ" ಎಂದು ಮಾತು ಕೊಟ್ಟಳು. ಅಂದಿನಿಂದ ಅದನ್ನು ಮೀರಿರಲಿಲ್ಲ.

ಶನಿವಾರ ಅಜ್ಜಿಗೆ ತೊಂಬತ್ತು ತುಂಬುವುದಿತ್ತು. ಅಷ್ಟರಲ್ಲಿ ಪುಸ್ತಕ ಅವಳ ಕೈಯಲ್ಲಿರಬೇಕು. ಕೆಳಗೆ ಯಂತ್ರಕ್ಕೆ ಶಾಯಿ ತುಂಬಿ ಆಗಿತ್ತು.

ಮೇಲಿನ ಕೋಣೆಯಲ್ಲಿ ಕಿರಿಯವನು ಕಂಪ್ಯೂಟರ್ ಮುಂದೆ ಕೂತಿದ್ದ. ಬರೆದದ್ದನ್ನು ತಿದ್ದಲು ಅವನು ಬಳಸುವ ಎಡಿಟರ್ ತಂತ್ರಾಂಶ ಬಹಳ ಹಳೆಯದು. ಅದರಲ್ಲಿ ಗುಂಡಿ, ಚಿತ್ರ ಒಂದೂ ಇಲ್ಲ. ಆದರೆ ಅದರ ಹೊಟ್ಟೆಯೊಳಗೆ ಅದರದೇ ಒಂದು ಪುಟ್ಟ ಭಾಷೆ ಇದೆ. ಆ ಭಾಷೆಯಲ್ಲಿ ಫೈಲುಗಳನ್ನು ಮಾತಾಡಿಸಬಹುದು. ನಿನ್ನನ್ನು ಓದಬಹುದಾ? ನಿನ್ನಲ್ಲಿ ಬರೆಯಬಹುದಾ? ತೂಕ ಎಷ್ಟು? ಕೊನೆಯ ಸಲ ಬದಲಾದದ್ದು ಯಾವಾಗ? ಮೊದಲ ಎರಡಕ್ಕೆ ಹೌದಾದರೆ ಒಂದು, ಇಲ್ಲವಾದರೆ ಸೊನ್ನೆ. ಅವನು ಈ ನಾಲ್ಕು ಪ್ರಶ್ನೆಗಳನ್ನು ಪೋಣಿಸಿ ತಾನಾಗಿ ಓಡುವ ಒಂದು ಸ್ಕ್ರಿಪ್ಟ್ ಬರೆದಿದ್ದ. ನಲವತ್ತೊಂದು ಕಥೆಗಳ ಫೈಲುಗಳೂ ಸಾಲಾಗಿ ನಿಂತು ಉತ್ತರ ಕೊಡುತ್ತಾ ಬಂದವು. ಹದಿನಾರು, ಸರಿ. ಹದಿನೇಳು, ಓದಲು ಬರುವುದಿಲ್ಲ. ತೂಕ ಸೊನ್ನೆ.

"ಅತ್ತಿಗೆ," ಎಂದು ಪಕ್ಕದಲ್ಲಿದ್ದ ಅವಳ ಕಡೆ ತಿರುಗಿದ. "ಹದಿನೇಳು ಖಾಲಿ."

"ಖಾಲಿ ಹೇಗಾಗುತ್ತೆ? ಅದನ್ನ ನಾನು ಭದ್ರವಾಗಿ ಇಟ್ಟಿದ್ದೀನಿ."

"ಏನು ಭದ್ರಾನೋ! ಸೊನ್ನೆ ಅಂತಿದೆ ನೋಡಿ."

ಹದಿನೇಳನೆಯದು ಊರುಗೋಲಿನ ಕಥೆ. ನಡೆದು ನಡೆದು ಕಾಲು ನೋವೆಂದು ಒಂದು ಊರುಗೋಲು ದಾರಿಯಲ್ಲೇ ನಿಂತು ಚಿಗುರಿಬಿಡುತ್ತದೆ. ಅದನ್ನು ಬಿಟ್ಟು ಹೋಗಲಾರದೆ ಮುದುಕನೂ ಅಲ್ಲೇ ಕೂರುತ್ತಾನೆ. ಅಜ್ಜಿ ಅದನ್ನು ತನ್ನ ತಾಯಿಯಿಂದ ಕೇಳಿದ್ದಳು. ಬರೆಯುವಾಗ ಅತ್ತಿಗೆ ಎರಡು ಸಲ ಮೂಗು ಒರೆಸಿಕೊಂಡಿದ್ದಳು. ಅದು ಹೋದರೆ ಹೋಯಿತು. ಅಜ್ಜಿ ಮತ್ತೆ ಹೇಳುವವಳಲ್ಲ.

ಮುದ್ರಕ ಕೈಯೆಲ್ಲ ಶಾಯಿ ಮಾಡಿಕೊಂಡು ಮೆಟ್ಟಿಲೇರಿ ಬಂದ. "ಏನ್ರೋ, ಇನ್ನೂ ಎಷ್ಟೊತ್ತು? ಯಂತ್ರ ಬಾಯಿ ತಕ್ಕೊಂಡು ಕೂತಿದೆ."

"ಹದಿನೇಳನೇ ಕಥೆ ಇಲ್ಲ ಅಣ್ಣ."

"ಇಲ್ಲ ಅಂದ್ರೆ? ತೆಗೆದು ನೋಡಿದ್ಯಾ?"

"ಯಾರೂ ಮುಟ್ಟಬೇಡಿ!" ಕಿರಿಯವನು ಎರಡೂ ಕೈ ಅಗಲಿಸಿ ಕಂಪ್ಯೂಟರಿಗೆ ಅಡ್ಡ ನಿಂತ. "ಖಾಲಿ ಫೈಲನ್ನ ತೆರೆದು ಅಪ್ಪಿತಪ್ಪಿ ಉಳಿಸಿಬಿಟ್ರೆ, ಇರೋ ಕುರುಹೂ ಅಳಿಸಿಹೋಗುತ್ತೆ. ಕೇಳೋದಷ್ಟೇ. ಮುಟ್ಟೋದಿಲ್ಲ."

"ಆಹಾ, ಎಂಥಾ ಮಡಿ! ಇವನು ಊಟಾನೂ ಹಿಂಗೇ ಮಾಡ್ತಾನೆ ನೋಡು. ಅನ್ನ ಇದೆಯಾ, ಬಿಸಿ ಇದೆಯಾ ಅಂತ ಕೇಳ್ತಾ ಕೂರ್ತಾನೆ, ಅಷ್ಟರಲ್ಲಿ ಆರಿಹೋಗಿರುತ್ತೆ."

"ರೀ, ಸುಮ್ನಿರಿ. ನಾನೇ ಅದನ್ನ ಭದ್ರವಾಗಿ..."

"ಭದ್ರ ಭದ್ರ ಅನ್ಬೇಡ್ವೇ! ಮದುವೆ ಉಂಗುರಾನೂ ಭದ್ರವಾಗಿಟ್ಟಿದ್ದೀನಿ ಅಂದೆ. ಆರು ವರ್ಷ ಆಯ್ತು, ಇನ್ನೂ ಹುಡುಕ್ತಿದ್ದೀವಿ."

ಅತ್ತಿಗೆಯ ಕಣ್ಣು ತುಂಬಿತು. ಅವಳು ಗೋಡೆಯ ಕಡೆ ತಿರುಗಿ, ಊರುಗೋಲಿನ ಕಥೆಯನ್ನು ನೆನಪಿನಿಂದ ಕಟ್ಟಲು ನೋಡಿದಳು. ಚಿಗುರು ಬಂತು, ಮುದುಕ ಬಂದ, ಆಮೇಲೆ ಎಲ್ಲಿಂದಲೋ ಮೂರನೆಯ ಕಥೆಯ ನರಿ ಬಂದು ಸೇರಿಕೊಂಡಿತು.

ಗದ್ದಲಕ್ಕೆ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ವಿಷಯ ತಿಳಿದು ನಿಟ್ಟುಸಿರುಬಿಟ್ಟಳು.

"ಅಜ್ಜಿ, ಒಂದೇ ಒಂದು ಸಲ," ಎಂದ ಮುದ್ರಕ. "ದೇವರೇನೂ ತಪ್ಪು ತಿಳ್ಕೊಳ್ಳಲ್ಲ."

"ಅವನು ತಿಳ್ಕೊಳ್ಳಲ್ಲ ಕಣೋ. ನಾನು ತಿಳ್ಕೋತೀನಿ." ಅವಳು ಕುರ್ಚಿಯಲ್ಲಿ ಕೂತು ಪರದೆಯನ್ನು ದಿಟ್ಟಿಸಿದಳು. "ಅದೇನಪ್ಪ, ಬರೀ ಒಂದು ಒಂದು ಒಂದು?"

"ಬರೆಯಬಹುದಾ ಅಂತ ಕೇಳಿದ್ದಕ್ಕೆ ಉತ್ತರ ಅಜ್ಜಿ. ಒಂದು ಅಂದ್ರೆ ಹೌದು, ಸೊನ್ನೆ ಅಂದ್ರೆ ಇಲ್ಲ."

"ಮತ್ತೆ ಇದೊಂದು ಎರಡು ಯಾಕೆ ಅಂತಿದೆ?"

ಕಿರಿಯವನು ಬಗ್ಗಿ ನೋಡಿದ. ಹದಿನೇಳರ ಸಾಲಿನಲ್ಲಿ, ಬರೆಯಬಹುದೇ ಎಂಬುದರ ಕೆಳಗೆ, ನಿಜವಾಗಿಯೂ ಎರಡು ಇತ್ತು. ಸೊನ್ನೆ ಅಲ್ಲದ್ದೆಲ್ಲ ಹೌದು ಎಂದುಕೊಂಡು ಅವನ ಸ್ಕ್ರಿಪ್ಟ್ ಅದನ್ನು ದಾಟಿಸಿಬಿಟ್ಟಿತ್ತು.

"ಎರಡು ಅಂದ್ರೆ... ಜಾಸ್ತಿ ಹೌದು ಇರಬಹುದು," ಎಂದ.

"ಹೌದೌದು ಅಂತಾನೇನೋ?" ಎಂದ ಅಣ್ಣ. "ನನ್ನ ಮಾತು ಕೇಳದೇ ಇರುವಾಗ ನೀನೂ ಹಾಗೇ ಅಂತೀಯ."

"ಗೊತ್ತಿಲ್ಲದಿದ್ರೆ ಕೇಳು ಮಗ," ಎಂದಳು ಅಜ್ಜಿ. "ಇಷ್ಟೊತ್ತು ಅದನ್ನ ಪ್ರಶ್ನೆ ಕೇಳಿದ್ದೀಯ. ಅದರ ಉತ್ತರಾನೂ ಒಂಚೂರು ಕೇಳು."

ಕಿರಿಯವನು ಎಡಿಟರಿನ ಸಹಾಯದ ಪುಟ ತೆರೆದು, ಬೆರಳಿಟ್ಟು ಓದಿದ. ಓದುತ್ತಾ ಅವನ ಕಿವಿ ಕೆಂಪಾಯಿತು. ಎರಡು ಎಂದರೆ ಅದು ಫೈಲೇ ಅಲ್ಲ, ಫೋಲ್ಡರು. ಒಳಗೆ ಏನು ಬೇಕಾದರೂ ಇಡಬಹುದು. ಫೋಲ್ಡರಿನ ತೂಕ ಕೇಳಿದರೆ ಒಳಗೆ ಎಷ್ಟೇ ತುಂಬಿರಲಿ, ಸೊನ್ನೆ ಎಂದೇ ಉತ್ತರ ಬರುತ್ತದೆ.

"ಅತ್ತಿಗೆ," ಎಂದ ಮೆಲ್ಲಗೆ. "ಭದ್ರವಾಗಿ ಇಟ್ಟಿದ್ದೀನಿ ಅಂದ್ರಲ್ಲ. ಹೇಗೆ ಇಟ್ರಿ?"

ಮಧ್ಯಾಹ್ನದಿಂದ ಅವಳನ್ನು ಯಾರೂ ಕೇಳದಿದ್ದ ಪ್ರಶ್ನೆ ಅದೊಂದೇ.

"ನೀವೇ ಹೋದ ವಾರ ಫೋಲ್ಡರ್ ಮಾಡೋದು ಹೇಳಿಕೊಟ್ರಲ್ಲಪ್ಪ. ಒಂದು ಮಾಡಿದೆ. ಡಬ್ಬಿ ಅಂತ ಹೆಸರಿಟ್ಟೆ. ಕಥೇನ ಒಳಗೆ ಹಾಕಿದೆ. ಆಮೇಲೆ ಡಬ್ಬಿಗೆ ಕಥೆ ಹದಿನೇಳು ಅಂತ ಹೆಸರು ಬದಲಾಯಿಸಿದೆ."

"ಅದೇ ಹೆಸರು ಯಾಕೆ?"

"ಅಯ್ಯೋ, ಉಪ್ಪಿನ ಡಬ್ಬಿ ಮೇಲೆ ಉಪ್ಪು ಅಂತ ಬರೀದೆ ಇನ್ನೇನು ಬರೀಲಿ?"

ಕಿರಿಯವನು ಫೋಲ್ಡರಿನ ಒಳಗಿದ್ದ 'ಕಥೆ ಹದಿನೇಳ'ನ್ನು ಮಾತಾಡಿಸಿದ. ಸೊನ್ನೆ, ಎರಡು. ಅವನು ಅತ್ತಿಗೆಯ ಮುಖ ನೋಡಿದ.

"ಒಂದೇ ಡಬ್ಬಿ ಆದ್ರೆ ಬಿಚ್ಚಿಕೊಂಡ್ರೆ ಅಂತ..." ಎಂದಳು ಅವಳು.

ಅದರ ಒಳಗಿನದನ್ನು ಕೇಳಿದ. ಸೊನ್ನೆ, ಎರಡು. ಮುದ್ರಕ ನೆಲದ ಮೇಲೆ ಕೂತುಬಿಟ್ಟ. ನಾಲ್ಕನೆಯ ಸಲ ಉತ್ತರ ಬಂತು: ಓದಬಹುದು, ಒಂದು. ಬರೆಯಬಹುದು, ಒಂದು. ತೂಕ, ಹನ್ನೊಂದು ಸಾವಿರದ ನಾನೂರ ಆರು. ಕೊನೆಯ ಬದಲಾವಣೆ ಮಂಗಳವಾರ ಮೂರೂ ಹತ್ತಕ್ಕೆ.

"ಮೂರು ಹತ್ತಕ್ಕೆ ಮೂಗು ಒರೆಸ್ಕೊಳ್ತಾ ಇದ್ದೆ," ಎಂದು ಅತ್ತಿಗೆ ಈಗ ಮತ್ತೆ ಒರೆಸಿಕೊಂಡಳು.

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಗಾಳಿ ಸೊನ್ನೆ ಅಂದಾಗ ದೇವರು ಇಲ್ಲ ಅಂತ ಬರ್ಕೊಂಡ್ನೇನೋ? ಕರಡು ತಿದ್ದೋದು ಬಿಟ್ಟು ಒಂದ್ಸಲ ಓದು."

"ಗಂಟಮ್ಮ ಅಂತ ಸುಮ್ನೆ ಅಂದ್ನಾ ನಾನು?" ಎಂದುಬಿಟ್ಟ ಕಿರಿಯವನು, ಖುಷಿಯಲ್ಲಿ ನಾಲಿಗೆ ಜಾರಿ.

"ಯಾರು ಗಂಟಮ್ಮ?" ಎಂದಳು ಅತ್ತಿಗೆ.

ಅವನು ಅವಸರದಿಂದ ಕಥೆಯನ್ನು ತೆರೆದು, ಸರಿಯಾಗಿದೆಯೋ ನೋಡಿ ಎಂದು ಅವಳನ್ನೇ ಕುರ್ಚಿಯಲ್ಲಿ ಕೂರಿಸಿದ. ಅವಳು ಗಟ್ಟಿಯಾಗಿ ಓದಿದಳು. ಊರುಗೋಲು ನಿಂತಿತು, ಚಿಗುರಿತು. ಮುದುಕ ಅದರ ಬುಡದಲ್ಲಿ ಕೂತ. ದಾರಿಹೋಕರಿಗೆ ನೆರಳಾಯಿತು. ಅಲ್ಲಿಗೆ ಕಥೆ ಮುಗಿಯಿತು.

ಅಜ್ಜಿ ಕಣ್ಣು ಮುಚ್ಚಿ ಕೇಳಿದ್ದಳು. ಈಗ ತೆರೆದು, "ಚೆನ್ನಾಗಿದೆ ಕಣೇ. ಆದ್ರೆ ಕೊನೆಗೆ ಆ ಮುದುಕ..." ಎಂದಳು.

"ಅಜ್ಜೀ!" ಮೂವರೂ ಒಟ್ಟಿಗೆ ಕೂಗಿದರು.

ಅಜ್ಜಿ ಸರಕ್ಕನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಮುದ್ರಕ ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದ. ಯಂತ್ರ ಗುಡುಗುಟ್ಟಿತು. ನಲವತ್ತೊಂದನೆಯ ಕಥೆ ಅಚ್ಚಾಗಿ ಹೊರಬರುವವರೆಗೂ ಅಜ್ಜಿ ಬಾಯಿಯ ಮೇಲಿಟ್ಟ ಕೈ ತೆಗೆಯಲಿಲ್ಲ. ಅವಳ ಕಣ್ಣುಗಳೆರಡು ಮಾತ್ರ, ಆ ಮುದುಕ ಆಮೇಲೆ ಏನು ಮಾಡಿದ ಎಂಬುದನ್ನು ತುಂಬಿಕೊಂಡು ಹೊಳೆಯುತ್ತಿದ್ದವು.